ಗೊನೆ ಬಿಡದ ಬಾಳೆ

ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ನಮ್ಮ ಹಿತ್ತಲಿನ ಬಾಳೆಯನ್ನೇ ಕಡಿದು ಬಾಗಿಲಿಗೆ ಕಟ್ಟಬೇಕು ಅಂತ ನನ್ನಾಸೆ. ಮಗಳು ಬಸುರಿ ಎಂಬ ಸುದ್ದಿ ಬಂದ ಕೂಡಲೇ ನರೇಗಲ್ ಸಂತೆಯಿಂದ ಎರಡು ಬಾಳೆ ಸಸಿ ತಂದು, ಬಚ್ಚಲ ನೀರು ಹರಿಯುವ ಕಡೆ ನೆಟ್ಟೆ. ನಮ್ಮ ಕಡೆ ಬಾಳೆ ಬದುಕುವುದೇ ಬಚ್ಚಲ ನೀರಿನ ಮೇಲೆ. ಎಲೆ ಬಂತು, ಥೇಟ್ ಬಾಳೆ ಎಲೆ. ಗೊನೆ ಬಂದರೆ ಬಾಗೀತು ಅಂತ ನಮ್ಮ ಮನೆಯವರು ಆಸರೆಗೆ ಕವೆಗೋಲನ್ನೂ ಕೊಟ್ಟರು.

ಮಗಳು ಹೆತ್ತಳು, ಹೆಣ್ಣು ಕೂಸು. ಅದರ ಮುಖ ನೋಡಿದಾಗಿನಿಂದ ನನಗೆ ಯಾವ ಕೆಲಸವೂ ನೆಟ್ಟಗಾಗುತ್ತಿಲ್ಲ. ಚಹಾಕ್ಕೆ ಉಪ್ಪು ಹಾಕಿದ್ದೂ ಉಂಟು. ಅದೇ ಹೊತ್ತಿಗೆ ಎರಡೂ ಗಿಡ ಹೂ ಬಿಟ್ಟವು. ಕೆಂಪಗೆ, ಗಿಣಿ ಕೊಕ್ಕುಗಳನ್ನು ಪೋಣಿಸಿ ಇಳಿಬಿಟ್ಟ ಹಾಗೆ. ಕಾಯಿಯ ಸುಳಿವಿಲ್ಲ.

ತೊಟ್ಟಿಲ ಕಾರ್ಯದ ಮುಂಜಾನೆ ಬೆಳವಣಕಿಯಿಂದ ಅಳಿಯ, ಬೀಗತಿ ಬಂದರು. ಅಳಿಯ ಮೊಬೈಲಿನಲ್ಲಿ ಗಿಡದ ಫೋಟೊ ಹಿಡಿದು ಹುಡುಕಿ ನೋಡಿದ.

"ಅತ್ತಿ, ಇದು ಬಾಳಿ ಅಲ್ಲರಿ. ಬಾಳಿ ದೂರದ ಬಳಗ."

ಬೀಗತಿ ಬಿಟ್ಟಾರೆಯೇ? "ಕೆಲಸಿಲ್ಲ ಬೊಗಸಿಲ್ಲ, ಬರೇ ಸಿಂಗಾರ ಮಾಡ್ಕೊಂಡ ನಿಂತಾವಲ್ರಿ, ನಿಮ್ಮ ಮಗಳಂಗ."

ನನಗೆ ತಲೆ ಕೆಟ್ಟಿತು. ಹೂ ಬಿಟ್ಟ ಬಾಳೆಯನ್ನು ಹಣ್ಣಾಗುವ ತನಕ ನಾವು ಕಡಿಯುವುದಿಲ್ಲ. ಇದು ಬಾಳೆಯಾದರೆ ಕಡಿಯುವಂತಿಲ್ಲ. ಬಾಳೆಯಲ್ಲದಿದ್ದರೆ ಬಾಗಿಲಿಗೆ ಕಟ್ಟುವಂತಿಲ್ಲ. ನಮ್ಮ ಮನೆಯವರು ಕುಡುಗೋಲು ಹಿಡಿದು ನಿಂತಿದ್ದರು.

"ಕಡೀಲೋ ಬ್ಯಾಡೋ? ಲಗೂ ಹೇಳ."

"ತಡೀರಿ, ನನಗ ತಿಳೀವಲ್ದು."

"ದೂರದ ಬಳಗ ಅಂದ್ರೂ ಬಳಗಾನ," ಬೀಗತಿ ನಕ್ಕರು. "ಕಾರ್ಯಕ್ಕ ಕರೀಬೇಕಲ್ರಿ."

ಅವರು ಚೇಷ್ಟೆಗೆ ಅಂದದ್ದು. ನಾನು ಆ ಮಾತನ್ನೇ ಹಿಡಿದುಬಿಟ್ಟೆ.

"ಅವು ಒಳಗ ಬರಾಕ ಆಗೂದಿಲ್ಲ. ತೊಟ್ಟಲಾನ ಇಲ್ಲಿ ತರ್ರಿ."

"ಬಚ್ಚಲ ಬಾಜೂಕನ?" ಬೀಗತಿ ಹುಬ್ಬೇರಿಸಿದರು.

"ಕೂಸಿಗೆ ಎರದ ನೀರ ಕುಡದಾವ್ರಿ ಅವು. ಅವಕ್ಕೂ ಹಕ್ಕ ಐತಿ."

ನೀರನ್ನು ಆಚೆ ತಿರುಗಿಸಿ, ನೆಲ ಸಾರಿಸಿ, ಎರಡು ಗಿಡಗಳ ನಡುವೆ ಕಟ್ಟಿಗೆಯ ತೊಟ್ಟಿಲು ಇಟ್ಟೆವು. ಕುಡುಗೋಲು ಒಳಗೆ ಹೋಯಿತು. ಹೆಂಗಸರು ಜೋಗುಳ ಹಾಡುತ್ತಿದ್ದರೆ ಕೂಸು ಅಳದೆ ಆ ಕೆಂಪು ಕೊಕ್ಕುಗಳ ಕಡೆಗೇ ಕಣ್ಣು ಬಿಟ್ಟಿತ್ತು. ನನಗೆ ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ.

ಕೂಸಿಗೆ ಹೆಸರಾಯಿತು. ಗಿಡಕ್ಕೆ ಆಗಲಿಲ್ಲ. ಹೊರಡುವಾಗ ಬೀಗತಿ ಮೆಲ್ಲಗೆ ಆ ಗಿಡದ್ದೊಂದು ಮರಿ ಕೇಳಿದರು. ಬಾಳೆ ಮರಿ ಅನ್ನಲೋ, ಬಾಳೆ ಬಳಗದ ಮರಿ ಅನ್ನಲೋ ತಿಳಿಯದೆ ಸುಮ್ಮನೆ ಅಗೆದು ಕೊಟ್ಟೆ.