ಗಟ್ಟಿಮೇಳಕ್ಕೆ ಕ್ಯಾಮೆರಾ ಕೈಬಿಟ್ಟವಳು

ವಿಡಿಯೋದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಚನ್ನರಾಯಪಟ್ಟಣದ ಒಂದು ಮದುವೆ ಛತ್ರದಲ್ಲಿ ಮ್ಯಾನೇಜರ್ ನಾನು, ಹೆಸರು ಕೃಷ್ಣಪ್ಪ. ತಲೆ ನೆರೆಯುವಷ್ಟು ಮದುವೆ ನೋಡಿದ್ದೀರಲ್ಲ ಅಂತ ಜನ ಹೇಳುತ್ತಾರೆ. ಎಲ್ಲಿ ನೋಡಿದೆ? ನಾನು ನೋಡಿರುವುದು ವಿಡಿಯೋದವರ ಬೆನ್ನು. ಅರಕಲಗೂಡಿನಿಂದ ಬಸ್ಸು ಬದಲಾಯಿಸಿಕೊಂಡು ಬಂದ ಅಜ್ಜಿಯರು ಮುಂದಿನ ಸಾಲಿನ ಕುರ್ಚಿಗಾಗಿ ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದಿರುತ್ತಾರೆ. ಗಟ್ಟಿಮೇಳ ಅಂದದ್ದೇ ತಡ, ಈ ಮಹಾರಾಯರು ಮಂಟಪಕ್ಕೆ ಅಡ್ಡ ನಿಂತರು ಅಂತಲೇ ಲೆಕ್ಕ. ಪಾಪ, ಅಜ್ಜಿಯರು ಅವರ ಬೆನ್ನಿಗೇ ಅಕ್ಷತೆ ಹಾಕಿ ಊಟಕ್ಕೆ ಹೋಗುತ್ತಾರೆ.

ಅಂಥ ನಾನೇ ಒಬ್ಬಳನ್ನು ವಿಡಿಯೋಕ್ಕೆ ಗೊತ್ತುಮಾಡಿಕೊಟ್ಟೆ ಅಂದರೆ ನಂಬುತ್ತೀರಾ? ಅವಳು ಸ್ನೇಹಲತಾ, ನನ್ನ ಹೆಂಡತಿಯ ಚಿಕ್ಕಮ್ಮನ ಮಗಳು, ದುದ್ದದವಳು. ಊರಿನ ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆಯುವ ಕೆಲಸ. ನಡುವೆ ಯಾರ ಮನೆಯ ನಾಮಕರಣವಿರಲಿ, ಗೃಹಪ್ರವೇಶವಿರಲಿ, ಇವಳ ಫೋನು ಹಾಜರ್. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಪಾಯಸದ ಸೌಟು. ಅವಳ ಯಾವ ವಿಡಿಯೋ ನೋಡಿದರೂ ನಡುವೆ ಆ ಸೌಟು ಬಂದೇ ಬರುತ್ತದೆ, ಹಿಂದಿನಿಂದ ಅವಳದೇ ದನಿ: "ಇನ್ನೊಂಚೂರು ಆಕ್ಸ್ಕಳಿ ಮಾವ!" ಆದರೂ ಜನ ಮತ್ತೆ ಮತ್ತೆ ಹಾಕಿಸಿಕೊಂಡು ನೋಡುತ್ತಿದ್ದರು. ಅದರಲ್ಲಿ ಎಲ್ಲರೂ ನಗುತ್ತಿದ್ದರು ನೋಡಿ, ಅದಕ್ಕೆ.

ಇದನ್ನೇ ಕಸುಬು ಮಾಡಿಕೊಳ್ಳುತ್ತೇನೆ ಅಂತ ಒಂದು ದಿನ ಅವಳು ಹಟ ಹಿಡಿದಳು. ಹಾಸನದ ಸ್ಟುಡಿಯೋ ಒಂದಕ್ಕೆ ಓಡಾಡಿ ಎಡಿಟಿಂಗ್ ಕಲಿತಳು, ಅಲ್ಲೇ ಹಳೆಯ ಕ್ಯಾಮೆರಾ ಒಂದನ್ನು ಕೊಂಡಳು, ಡೈರಿ ಕೆಲಸ ಬಿಟ್ಟಳು. ಡೈರಿಯ ಸೆಕ್ರೆಟರಿ ಗುಂಡಯ್ಯನವರು ಒಳ್ಳೆಯ ಮನುಷ್ಯ. "ಒಂದ್ ತಿಂಗ್ಳು ನಿನ್ ಜಾಗ ಅಂಗೇ ಇಟ್ಟಿರ್ತೀನಿ ಕಣಮ್ಮ. ಆಮೇಲೆ ಬ್ಯಾರೆಯವರ್ನ ಆಕ್ಕತೀನಿ," ಅಂದಿದ್ದರು. ನೆಂಟರೋ, ಕೆಲಸ ಮಾಡಿಸಿಕೊಂಡು ಹೋಳಿಗೆ ಕಟ್ಟಿಕೊಡುವವರು. ಆ ತಿಂಗಳೊಳಗೆ ಹೊರಗಿನವರೊಬ್ಬರ ಮದುವೆಯ ವಿಡಿಯೋ ಮಾಡಿ ಸೈ ಅನ್ನಿಸಿಕೊಳ್ಳದಿದ್ದರೆ ಮತ್ತೆ ಹಾಲಿನ ಕ್ಯಾನಿನ ಮುಂದೆಯೇ ನಿಲ್ಲಬೇಕಾಗಿತ್ತು.

ಹಳ್ಳಿಮೈಸೂರಿನ ತೆಂಗಿನಕಾಯಿ ವ್ಯಾಪಾರಿ ಚಂದ್ರಯ್ಯನವರು ದೊಡ್ಡ ಮಗಳು ಅನುಶ್ರೀಯ ಮದುವೆಗೆ ನಮ್ಮ ಛತ್ರ ಹಿಡಿದಿದ್ದರು. ಭಾರಿ ಗಡಸು ಆಸಾಮಿ. ನಾನೇ ಕೈಮುಗಿದು, "ಸಾ, ನಮ್ ಹುಡುಗಿ ಒಬ್ಳವ್ಳೆ, ಜವಾಬ್ದಾರಿ ನಂದು," ಅಂದೆ. ಒಪ್ಪಿದರು.

ಮದುವೆ ದಿನ ಬೆಳಿಗ್ಗೆಯಿಂದ ಅವಳು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಮುಹೂರ್ತ ಹತ್ತಿರ ಬಂತು. ಫೋಟೋದವನು ಮೂಲೆಯ ಸ್ಟೂಲು ಹತ್ತಿದ್ದ. ಇವಳು ಮಂಟಪದ ಎದುರಿಗೇ ನಿಂತು ಕ್ಯಾಮೆರಾ ಹಿಡಿದಿದ್ದಳು. ಹೆಣ್ಣಿನ ಅಜ್ಜಿ, ಅಂದರೆ ಚಂದ್ರಯ್ಯನವರ ತಾಯಿ ದೊಡ್ಡತಾಯಮ್ಮ, ಎಲ್ಲರಿಗೂ ಅಕ್ಷತೆ ಹಂಚುತ್ತಾ ಬಂದವರು ಇವಳ ಕೈಯಲ್ಲೂ ಒಂದು ಹಿಡಿ ಇಟ್ಟು ಹೋದರು. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ!" ಅಂತ ಕೂಗಿದರು. ವಾಲಗ ಜೋರಾಯಿತು.

ಅಯ್ಯೋ ಶಿವನೇ! ಈ ಪುಣ್ಯಾತಗಿತ್ತಿ ಕ್ಯಾಮೆರಾ ಕೈಬಿಟ್ಟಳು. ಅದು ಕೊರಳಿನ ಪಟ್ಟಿಯಲ್ಲಿ ಜೋತು ಬಿತ್ತು. ಇವಳು ಪಕ್ಕಕ್ಕೆ ಸರಿದು, ಹೆಂಗಸರ ನಡುವೆ ನಿಂತು, ಎರಡೂ ಕೈಯಲ್ಲಿ ಅಕ್ಷತೆ ಹಾಕಿದಳು. ಕಣ್ಣಲ್ಲಿ ನೀರು ಬೇರೆ, ಒಡಹುಟ್ಟಿದ ತಂಗಿಯ ಮದುವೆಯೇನೋ ಅನ್ನುವ ಹಾಗೆ! ಹುಟ್ಟಿದಾಗಿನಿಂದ ಗಟ್ಟಿಮೇಳ ಕೇಳಿದರೆ ಮಾಡಿದ್ದು ಅದನ್ನೇ ತಾನೇ, ಕೈಗೆ ಬೇರೇನು ಗೊತ್ತು? ಅವಳು ಮತ್ತೆ ಕ್ಯಾಮೆರಾ ಎತ್ತುವ ಹೊತ್ತಿಗೆ ತಾಳಿ ಕಟ್ಟಿ ಮುಗಿದಿತ್ತು.

ನಾನು ಅವಳ ರಟ್ಟೆ ಹಿಡಿದು ಉಗ್ರಾಣದ ಬಾಗಿಲಿಗೆ ಎಳೆದುಕೊಂಡು ಹೋದೆ. "ನನ್ ಮಾನ ತೆಗ್ದಲ್ಲೇ! ಈಗ್ಲೇ ಓಗು, ತಾಳಿ ಇನ್ನೊಂದ್ಸಲ ಇಡ್ಕೊಳಿ ಅಂತ ಗಂಡಿಗೇಳು. ಎಲ್ಲಾ ವಿಡಿಯೋದೋರೂ ಮಾಡ್ಸದು ಅದ್ನೇಯ."

ಅವಳ ಮುಖ ಬಿಳಿಚಿಕೊಂಡಿತ್ತು. ಆದರೂ ಆಗುವುದಿಲ್ಲ ಅಂತ ತಲೆಯಾಡಿಸಿದಳು. "ಕಟ್ಟಿದ್ ತಾಳೀನ ನಾಟ್ಕ ಮಾಡ್ಸಕೆ ನನ್ ಕೈಲಾಗಕಿಲ್ಲ ಬಾವ. ಅವ್ರಿಗೇ ಓಗಿ ಏಳ್ತೀನಿ."

ಹೋಗಿ ಹೇಳಿಯೂಬಿಟ್ಟಳು. ಚಂದ್ರಯ್ಯನವರು ಕೆಂಡವಾದರು. "ಅದ್ನೇ ಬುಟ್ಬುಟ್ಯಾ? ಮದ್ವೇಲಿ ಇನ್ನೇನವ್ವ ಇರಾದು? ಬರೀ ಚಪ್ಪರದ ವಿಡಿಯೋ ತೆಗ್ಯಕೆ ಕರ್ಸಿದ್ನಾ ನಿನ್ನ?" ಅಂತ ಅಬ್ಬರಿಸಿದರು. ಅವಳು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡಳು. ನನಗೆ ಭೂಮಿಯೊಳಗೆ ಇಳಿದುಹೋಗೋಣ ಅನ್ನಿಸಿತು.

ಆಗ ಬಾಯಿ ಹಾಕಿದ್ದು ದೊಡ್ಡತಾಯಮ್ಮ. "ಯಾಕ್ಲಾ ಚಂದ್ರ, ಅಂಗೆ ಕೂಗಾಡ್ತೀಯ? ನಂಗೆ ಇವತ್ತು ತಾಳಿ ಕಟ್ಟಾದು ಸಂದಾಗಿ ಕಾಣ್ತು ಕಣ್ಲಾ. ನಿನ್ ತಮ್ಮಂದ್ರ ಮಕ್ಕಳ ಮದ್ವೇಲಿ ಏನ್ ಕಂಡಿದ್ದೆ ನಾನು? ಬರೀ ಬೆನ್ನು!" ಅಕ್ಕಪಕ್ಕದ ಹೆಂಗಸರೆಲ್ಲ ಹೌದು ಹೌದು ಅಂದರು. ಕೋಪ ಬಂದಿದ್ದರೂ ಆ ಮುದುಕಿಯ ಬಾಯಿಗೆ ಸಕ್ಕರೆ ಹಾಕೋಣ ಅನ್ನಿಸಿತು ನನಗೆ.

ಸ್ನೇಹಲತಾ ತಟ್ಟನೆ ತಲೆ ಎತ್ತಿದಳು. "ಅಣ್ಣ, ಎಲ್ಲಾರ್ಗೂ ಕಂಡೈತೆ ಅಂದ್ರೆ ಎಲ್ಲಾರ್ ಫೋನ್ಗೂ ಕಂಡಿರ್ತದೆ. ವಿಡಿಯೋ ನೋಡಾದ್ಮೇಲೆ ಬೈರಿ," ಅಂದವಳೇ ಊಟದ ಹಾಲಿಗೆ ಓಡಿದಳು.

ಅಲ್ಲಿ ಜನ ಎಲೆ ಮುಂದೆ ಕೂತಾಗಿತ್ತು. ಅವಳು ಬಡಿಸುವವರ ಕೈಯಿಂದ ಪಾಯಸದ ಬಕೆಟ್ಟು ಇಸಿದುಕೊಂಡು ಸಾಲು ಹಿಡಿದಳು. ಒಂದು ಸೌಟು ಪಾಯಸ, ಹಿಂದೆಯೇ ಒಂದು ಮಾತು: "ತಾಳಿ ಕಟ್ಟಾದು ಇಡ್ದಿದ್ದೀರಾ ಮಾವ? ಕಳ್ಸಿ ಮತ್ತೆ." ಕೈಯೆಲ್ಲ ಎಂಜಲು. "ಜೇಬ್ನಲ್ಲೈತೆ, ನೀನೇ ತಗಳವ್ವ," ಅನ್ನುವವರು ಕೆಲವರು. ಅವಳೇ ಫೋನು ತೆಗೆದು, ಅವರ ಎಡಗೈ ಹೆಬ್ಬೆಟ್ಟು ಒತ್ತಿಸಿ, ತನ್ನ ಫೋನಿಗೆ ಕಳಿಸಿಕೊಂಡು, ಮತ್ತೆ ಜೇಬಿಗೆ ಇಟ್ಟು ಮುಂದಕ್ಕೆ ಹೋಗುವಳು. ಪಾಯಸವೂ ಖಾಲಿಯಾಯಿತು, ಫೋನುಗಳೂ ಮುಗಿದವು. ನನ್ನ ಛತ್ರದಲ್ಲಿ ಯಾರೂ ಹೀಗೆ ಬಡಿಸಿದ್ದನ್ನು ನಾನು ಕಂಡಿರಲಿಲ್ಲ.

ಗುಂಡಯ್ಯನವರು ಕೊಟ್ಟ ತಿಂಗಳು ಮುಗಿಯುವ ಮೊದಲೇ ವಿಡಿಯೋ ಸಿದ್ಧವಾಯಿತು, ಇಬ್ಬರೂ ಹಳ್ಳಿಮೈಸೂರಿಗೆ ಹೋದೆವು. ಬೈಸಿಕೊಳ್ಳುವುದಕ್ಕೂ ಒಂದು ಜೊತೆ ಬೇಕಲ್ಲ. ಮನೆಯವರೆಲ್ಲ ಟಿವಿ ಮುಂದೆ ಕೂತರು. ಚಂದ್ರಯ್ಯನವರು ಮಾತ್ರ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದರು.

ಧಾರೆ ಆಯಿತು. ಗಟ್ಟಿಮೇಳ ಶುರುವಾಯಿತು. ಅಲ್ಲಿಂದ ಒಂದೊಂದು ತುಣುಕೂ ಒಬ್ಬೊಬ್ಬರ ಫೋನಿನದು. ಒಂದರಲ್ಲಿ ಅರಕಲಗೂಡಿನ ಬೀಗರ ಹೆಬ್ಬೆಟ್ಟು ಅರ್ಧ ಅಡ್ಡ ಬಂದಿದೆ. ಇನ್ನೊಂದರಲ್ಲಿ ಯಾರೋ "ಲೇ ಕೂತ್ಕಳ್ಲಾ, ಕಾಣಾಕಿಲ್ಲ!" ಅಂತ ಬೈಯುತ್ತಾರೆ. ಮತ್ತೊಂದರಲ್ಲಿ "ಕಟ್ಟುದ, ಕಟ್ಟುದ!" ಅಂತ ದೊಡ್ಡತಾಯಮ್ಮನ ದನಿ. ಸಿನಿಮಾ ಹಾಡು ಹಾಕಿ ಅದನ್ನೆಲ್ಲ ಮುಚ್ಚಿರಲಿಲ್ಲ ಅವಳು. ಕೊನೆಗೆ ಚಂದ್ರಯ್ಯನವರೇ ಬಂದರು. ಶಲ್ಯ ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ, ಆ ಗಡಸು ಮನುಷ್ಯನ ಮೂಗನ್ನು ತಾಯಿ ಸೆರಗಿನಿಂದ ಒರೆಸುತ್ತಿದ್ದಾರೆ. ಮನೆಯೆಲ್ಲ ಹೋ ಅಂತ ನಕ್ಕಿತು. ತವರಿಗೆ ಬಂದಿದ್ದ ಅನುಶ್ರೀ ಮಾತ್ರ ನಗಲಿಲ್ಲ. ಎದ್ದು ಹೋಗಿ ಅಪ್ಪನ ತೋಳು ಹಿಡಿದುಕೊಂಡಳು.

ಚಂದ್ರಯ್ಯನವರು ಸ್ನೇಹಲತಾಳ ಕಡೆ ತಿರುಗಿದರು. "ಇನ್ನೊಂದೆಲ್ಲವ್ವ? ನೀನು ಅಕ್ಷತೆ ಆಕಿದ್ದು? ನಮ್ ಬಾಮೈದನ ಫೋನ್ನಲ್ಲಿ ನೋಡ್ದೆ ನಾನು."

"ಅದು... ನಾನ್ ಕೆಲ್ಸಕ್ಕೆ ಬಂದೋಳಲ್ವಾ ಅಣ್ಣ, ಅದ್ಕೇ ತೆಗ್ದಾಕ್ದೆ."

"ಆಕು ಅದ್ನೂವೆ. ನನ್ ಮಗ್ಳಿಗೆ ಅಷ್ಟು ಮನ್ಸಿಟ್ಟು ಅಕ್ಷತೆ ಆಕಿದ್ದು ಯಾರು ಅಂತ ಗೊತ್ತಾಗ್ಬೇಕು." ಆಮೇಲೆ ಗೋಡೆಯ ಕಡೆ ನೋಡುತ್ತಾ ಹೇಳಿದರು: "ಚಿಕ್ಕೋಳ್ ಮದ್ವೆಗೂ ನೀನೇ ಬಾ. ಅಡ್ಡ ನಿಂತ್ಕಬ್ಯಾಡ, ಅಕ್ಷತೆ ಆಕೋದ ಬುಡಬ್ಯಾಡ."

"ಆಗ್ಲಿ ಅಣ್ಣ. ಕ್ಯಾಮೆರಾನ ಮಾತ್ರ ಪಕ್ಕದಲ್ಲಿ ಒಂದ್ ಸ್ಟ್ಯಾಂಡ್ ಮ್ಯಾಲೆ ಇಟ್ಟಿರ್ತೀನಿ," ಅಂದಳು ಸ್ನೇಹಲತಾ. ಮತ್ತೊಂದು ಸಲ ಮನೆಯೆಲ್ಲ ನಕ್ಕಿತು.

ಅಂಗಳಕ್ಕೆ ಬಂದದ್ದೇ ಅವಳು ಫೋನು ತೆಗೆದಳು. ಮನೆಗೆ ಮಾಡುತ್ತಾಳೆ ಅಂದುಕೊಂಡೆ. ಅವಳು ಮಾಡಿದ್ದು ಡೈರಿಗೆ. "ಗುಂಡಯ್ಯಣ್ಣ, ನಾನು ಸ್ನೇಹ. ಇನ್ಮ್ಯಾಲೆ ಕಾಯ್ಬ್ಯಾಡಿ. ನನ್ ಜಾಗಕ್ಕೆ ಬ್ಯಾರೆಯವರ್ನ ಆಕ್ಕಳಿ," ಅಂದಳು. ಅಷ್ಟು ಹೇಳುವಷ್ಟರಲ್ಲಿ ಅವಳ ದನಿ ಒಡೆದು ಅಳುವೇ ಬಂತು. ನಾನು ಬೈಕಿನ ಕನ್ನಡಿ ಒರೆಸುವವನ ಹಾಗೆ ಆ ಕಡೆ ತಿರುಗಿ ನನ್ನ ಕಣ್ಣು ಒರೆಸಿಕೊಂಡೆ.