ಸಿದ್ದಮ್ಮನ ಕೊಟ್ಟಿಗೆಯ ವೀರಗಲ್ಲು

ಬಸ್ಸು ತಡವಿತ್ತು. ನರಸೀಪುರದ ಶಾಲೆಯೊಂದರಲ್ಲಿ ಇತಿಹಾಸ ಸಂಘದವರ ಭಾಷಣ ಕೇಳುತ್ತ ಕುಳಿತೆ. ಪರದೆಯ ಮೇಲೆ ವೀರಗಲ್ಲಿನ ಸ್ಲೈಡು: ದನಗಳ್ಳರೊಡನೆ ಕಾದಾಡಿ ಸತ್ತವನು. ಕಲ್ಲಿರುವುದು ಮೂಗೂರಿನ ಸಿದ್ದಮ್ಮನವರ ಕೊಟ್ಟಿಗೆಯಲ್ಲಿ. ಮನೆಯವರು ತಲೆಮಾರುಗಳಿಂದ ಎಣ್ಣೆ ತಿಕ್ಕಿ ತಿಕ್ಕಿ ಅವನ ಹೆಸರೇ ಸವೆದುಹೋಗಿದೆ. ಹೀಗೇ ಬಿಟ್ಟರೆ ಮುಖವೂ ಉಳಿಯದು, ಕಲ್ಲನ್ನು ಇಲ್ಲಿಗೆ ತಂದು ಗಾಜಿನೊಳಗೆ ಇಡೋಣ ಎಂದರು ಅಧ್ಯಕ್ಷರು.

ಮುಂದಿನ ಸಾಲಿನಲ್ಲಿದ್ದ ಸಿದ್ದಮ್ಮ ಎದ್ದು ನಿಂತರು. “ಎಣ್ಣೆ ಬೇಕಾರೆ ಬುಡ್ತೀವಿ ಸಾ, ಕಲ್ಲು ಬುಡಕ್ಕಿಲ್ಲ. ದನ ಉಳಿಸಕ್ಕೋಗಿ ಸತ್ತೋನ್ನ ದನಾನೇ ಇಲ್ದಿರೋ ಜಾಗದಲ್ಲಿ ನಿಲ್ಲಿಸ್ತೀರಾ?”

ಸಭೆ ಚಪ್ಪಾಳೆ ತಟ್ಟಿತು. ಇಂಥ ಅಚ್ಚುಕಟ್ಟಾದ ವೀರಕಥೆಗಳನ್ನು ಸುಲಭಕ್ಕೆ ನಂಬದ ನಾನೂ ತಟ್ಟಿದೆ.

ಅಧ್ಯಕ್ಷರು ನಕ್ಕುಬಿಟ್ಟರು. “ಹಂಗಾದ್ರೆ ಮುಂದಿನ ಭಾಷಣ ನಿಮ್ಮ ಕೊಟ್ಟಿಗೇಲೇ ಕಣಮ್ಮ.”

“ಬನ್ನಿ ಸಾ. ಚಪ್ಲಿ ಮಾತ್ರ ಬಾಗ್ಲಲ್ಲೇ ಬುಟ್ಟು ಬನ್ನಿ.”