ಬೆವರು ಆರಗೊಡದ ಜಾಕೀಟು

ಓಡಿ ಬಂದು ಹಗ್ಗದ ಮೇಲೆ ಹರವಿದ ಬನಿಯನ್ನನ್ನು ಒಣಗಿದ ಮೇಲೆ ಒಮ್ಮೆ ನೋಡಿ. ಬೆನ್ನಿನ ನಡುವೆ, ಕಂಕುಳಿನ ಕೆಳಗೆ, ಬತ್ತಿದ ಕೆರೆಯ ದಂಡೆಯಲ್ಲಿ ನೀರು ಬಿಟ್ಟುಹೋದ ಗುರುತಿನಂತೆ ಬಿಳಿಯ ಗೆರೆಗಳು ಒಂದರ ಹಿಂದೊಂದು ಮೂಡಿರುತ್ತವೆ. ನಾನು ಓಡಲು ತೊಡಗಿದ ಹೊಸದರಲ್ಲಿ ನನ್ನ ಹೆಂಡತಿ ಆ ಬನಿಯನ್ನನ್ನು ಕೈಯಲ್ಲಿ ಹಿಡಿದು, "ಯಾರ ಮನಿ ಸುಣ್ಣದ ಗ್ವಾಡಿಗೆ ಒರಗಿ ನಿಂತಿದ್ರಿ?" ಎಂದು ಕೇಳಿದ್ದಳು. ಅದು ಸುಣ್ಣವಲ್ಲ, ನನ್ನ ಮೈಯೊಳಗಿನ ಉಪ್ಪು ಎಂದು ನಂಬಿಸಲು ಅವಳಿಗೆ ನೆಕ್ಕಿ ನೋಡಲು ಹೇಳಬೇಕಾದೀತೇನೋ ಎಂದುಕೊಂಡು ಸುಮ್ಮನಾಗಿದ್ದೆ.

ಗಜೇಂದ್ರಗಡದ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುವ ನನ್ನಂಥವನು ಐವತ್ತರ ಆಸುಪಾಸಿನಲ್ಲಿ ಚಡ್ಡಿ ಹಾಕಿಕೊಂಡು ರೋಣದ ರಸ್ತೆಯಲ್ಲಿ ಓಡುವುದನ್ನು ಕಂಡು ಊರು ಮೊದಮೊದಲು ಬೆರಗಾಯಿತು. ನಮ್ಮ ಕಡೆ ಓಟ ಎಂದೊಡನೆ ಜನಕ್ಕೆ ನೆನಪಾಗುವುದು ಓಟು. ಅದನ್ನು ಕೇಳಲು ಬರುವವರು ಕೂಡ ಇಷ್ಟು ಅವಸರದಲ್ಲಿ ಓಡುವುದಿಲ್ಲ. "ಬಸ್ಸು ತಪ್ಪೇತೇನ್ರಿ ಸರ?" ಎಂದು ಕೇಳಿ, ಮೋಟರ್‌ಸೈಕಲ್ ನಿಲ್ಲಿಸಿ ಹಿಂದೆ ಕೂರಲು ಕರೆದವರೂ ಉಂಟು. ಸಕ್ಕರೆ ಕಾಯಿಲೆಗೆ ಅಂಜಿ ಓಡುತ್ತಿದ್ದ ನನಗೆ ಹೀಗೆ ಒಬ್ಬೊಬ್ಬರಿಗೂ ಸಮಜಾಯಿಷಿ ಕೊಡುವುದೇ ಓಡುವುದಕ್ಕಿಂತ ಹೆಚ್ಚಿನ ದಣಿವಾಗಿತ್ತು. ಆ ದಿನಗಳಲ್ಲಿ ಜೊತೆಯಾದವರು ದಾವಲಸಾಬರು.

ಬಸ್‌ಸ್ಟ್ಯಾಂಡಿನ ಹತ್ತಿರ ಅವರದು ಸೀರೆಯ ಅಂಗಡಿ. ಗಾದಿಯ ಮೇಲೆ ಮಂಡಿಯೂರಿ ಕೂತು, ಮಡಿಕೆ ಹಾಕಿದ ಕೈಮಗ್ಗದ ಸೀರೆಯೊಂದನ್ನು ಎತ್ತಿ ಮಣಿಕಟ್ಟನ್ನು ಒಮ್ಮೆ ಝಾಡಿಸಿದರೆಂದರೆ, ಸೆರಗು ಗಾಳಿಯಲ್ಲಿ ತೇಲಿ ಸರಿಯಾಗಿ ಗಿರಾಕಿ ಹೆಂಗಸಿನ ಮುಂದೆ ಸುಕ್ಕಿಲ್ಲದೆ ಬಂದು ಮಲಗುತ್ತಿತ್ತು. ನಮ್ಮ ಮನೆಯ ಹೆಂಗಸರು ಬೇರೆ ಅಂಗಡಿಗೆ ಹೋಗಿಯೂ ಕೊನೆಗೆ ಅಲ್ಲಿಗೇ ಬರುತ್ತಿದ್ದುದು ಅರ್ಧ ಸೀರೆಗಾಗಿ, ಅರ್ಧ ಆ ಕೈಚಳಕ ನೋಡಲಿಕ್ಕಾಗಿ. ಕೂತೇ ಮಾಡುವ ವ್ಯಾಪಾರವಾದ್ದರಿಂದ ಹೊಟ್ಟೆ ಮುಂದೆ ಬಂದಿತ್ತು. ಒಂದು ಮುಂಜಾನೆ ನನ್ನ ಹಿಂದೆ ಏದುಸಿರಿನ ಸದ್ದು ಕೇಳಿ ತಿರುಗಿದರೆ ಅವರೇ. "ಒಬ್ಬರ ಓಡಿದ್ರ ಹುಚ್ಚ ಅಂತಾರ್ರಿ ಸರ. ಇಬ್ಬರ ಓಡಿದ್ರ ವ್ಯಾಯಾಮ ಅಂತಾರ" ಎಂದರು. ಆ ಮಾತು ನಿಜವಾಯಿತು. ಮುಂದೆ ಯಾರೂ ನಮ್ಮನ್ನು ಬಸ್ಸಿನ ಬಗ್ಗೆ ಕೇಳಲಿಲ್ಲ.

ಇಬ್ಬರೂ ತಪ್ಪಿ ತಪ್ಪಿ ಕಲಿತೆವು. ನೀವು ಓಡುವವರಾಗಿದ್ದರೆ, ಅಥವಾ ನಾಳೆಯಿಂದ ಎಂದು ಪ್ರತಿದಿನ ಹೇಳಿಕೊಳ್ಳುವವರಾಗಿದ್ದರೆ, ನಿಮಗೂ ಇದು ಉಪಯೋಗಕ್ಕೆ ಬಂದೀತು. ಬೂಟನ್ನು ಸಂಜೆ ಹೊತ್ತು ಕೊಳ್ಳಿ. ದಿನವಿಡೀ ನಡೆದು ನಿಂತು ಪಾದ ತುಸು ಊದಿರುತ್ತದೆ, ಓಡುವಾಗಲೂ ಅದು ಊದುತ್ತದೆ. ಹೆಬ್ಬೆರಳಿನ ಮುಂದೆ ಒಂದಿಷ್ಟು ಜಾಗ ಇರಲಿ, ಇಲ್ಲದಿದ್ದರೆ ಉಗುರು ಕಪ್ಪಾಗಿ ಕಳಚಿಬೀಳುತ್ತದೆ, ನನ್ನದು ಬಿದ್ದಿತ್ತು. ತೊಡೆಯ ಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲು ನಾಚಬೇಡಿ. ಎದುರಿನಿಂದ ಬರುವ ಲಾರಿ ಕಾಣುವಂತೆ ರಸ್ತೆಯ ಬಲಬದಿಗೆ ಓಡಿ, ಬಿಳಿಯ ಅಂಗಿ ತೊಡಿ. ಪಕ್ಕದವನೊಡನೆ ಮಾತನಾಡುತ್ತ ಓಡಲಾಗದಿದ್ದರೆ ನೀವು ಮಿತಿಮೀರಿ ಓಡುತ್ತಿದ್ದೀರಿ ಎಂದು ತಿಳಿಯಿರಿ. ದಾವಲಸಾಬರ ಜೊತೆಯಲ್ಲಿ ಈ ಕಡೆಯ ನಿಯಮ ತಾನಾಗಿಯೇ ಪಾಲನೆಯಾಗುತ್ತಿತ್ತು, ಏಕೆಂದರೆ ಅವರು ಮಾತು ನಿಲ್ಲಿಸುತ್ತಿರಲಿಲ್ಲ.

ಮುಂದೆ ಹುಬ್ಬಳ್ಳಿಯಲ್ಲಿ ನಡೆಯಲಿದ್ದ ಒಂದು ದೂರದ ಓಟಕ್ಕೆ ಹೆಸರು ಕೊಡೋಣ ಎಂದವರು ಅವರೇ. ಅದಕ್ಕೆ ಮೊದಲು ಹೊಟ್ಟೆ ಇಳಿಯಬೇಕು ಎಂಬ ಹಟ ಅವರಿಗೆ ಹತ್ತಿತು. ಮೊಬೈಲಿನಲ್ಲಿ ಯಾರೋ ತೋರಿಸಿದ್ದನ್ನು ನೋಡಿ ಒಂದು ಜಾಕೀಟು ತರಿಸಿಕೊಂಡರು. ಕಪ್ಪಗೆ, ಪ್ಲಾಸ್ಟಿಕ್ಕಿನಂಥ ಬಟ್ಟೆಯದು; ಕೈಗೂ ಕೊರಳಿಗೂ ಸೊಂಟಕ್ಕೂ ಬಿಗಿಯಾದ ರಬ್ಬರಿನ ಪಟ್ಟಿ. ಒಳಗಿನ ಗಾಳಿ ಹೊರಗೆ ಹೋಗದು, ಹೊರಗಿನದು ಒಳಗೆ ಬಾರದು. ಮೊದಲ ದಿನ ಅದನ್ನು ಬಿಚ್ಚಿ ತೋಳನ್ನು ಕೆಳಮುಖ ಮಾಡಿದಾಗ ಬೆವರು ನಲ್ಲಿಯಂತೆ ಸುರಿಯಿತು.

"ಬೆವರು ಹೋದ್ರ ನೀರು ಹೋಗತೈತಿ, ಕೊಬ್ಬು ಹೋಗೂದಿಲ್ರಿ" ಎಂದೆ.

"ಬೆಣ್ಣಿ ಕಾಸಿದ್ರ ಕರಗತೈತಿ ಇಲ್ಲೋ? ಹೊಟ್ಟಿನೂ ಹಂಗ ರೀ ಸರ" ಎಂದು ನಕ್ಕರು.

ಬೆವರಿನ ಬಗ್ಗೆ ನಮಗೆಲ್ಲ ಇರುವ ತಪ್ಪು ತಿಳಿವಳಿಕೆ ಇದು. ಬೆವರು ಸುರಿದರೆ ಮೈ ತಂಪಾಗುವುದಿಲ್ಲ, ಆರಿದರೆ ತಂಪಾಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದು ಅದರ ಮೈಯಿಂದ ತೇವ ಜಿನುಗಿ ಗಾಳಿಗೆ ಆರುವುದರಿಂದ. ಅದೇ ಗಡಿಗೆಗೆ ಪ್ಲಾಸ್ಟಿಕ್ಕಿನ ಚೀಲ ಸುತ್ತಿಡಿ, ನೀರು ಬೆಚ್ಚಗಾಗುತ್ತದೆ. ಇದನ್ನೂ ಅವರಿಗೆ ಹೇಳಿದೆ. ಅವರು ತಲೆಯಾಡಿಸಿದರು. ಮರುದಿನವೂ ಜಾಕೀಟು ಹಾಕಿಕೊಂಡೇ ಬಂದರು.

ಆ ದಿನ ನಾವು ಹೊರಟದ್ದು ತಡವಾಗಿ. ಲಗ್ನದ ದಿನಗಳು, ಹಿಂದಿನ ರಾತ್ರಿ ಮದುವೆಯ ಜವಳಿ ಕೊಳ್ಳಲು ಬೆಳವಣಕಿ ಕಡೆಯಿಂದ ದೊಡ್ಡ ಗುಂಪು ಬಂದಿತ್ತಂತೆ, ಅವರು ನಿದ್ದೆ ಮಾಡಿದ್ದು ಕಡಿಮೆ. ನಾವು ಊರು ದಾಟುವ ಹೊತ್ತಿಗೆ ಬಿಸಿಲು ಬೆನ್ನಿಗೆ ಚುರುಗುಟ್ಟುತ್ತಿತ್ತು. ಗುಡ್ಡದ ಮೇಲಿನ ಗಾಳಿಗಿರಣಿಗಳ ರೆಕ್ಕೆಗಳು ಕದಲದೆ ನಿಂತಿದ್ದವು. ರಾಶಿ ಮುಗಿದ ಹೊಲಗಳು ಬೋಳಾಗಿ, ಎರೆಮಣ್ಣು ಬಿರಿದು, ಎರಡೂ ಕಡೆಯಿಂದ ಝಳ ಏಳುತ್ತಿತ್ತು. "ಇವತ್ತ ಜಾಕೀಟ ಬ್ಯಾಡ್ರಿ" ಎಂದೆ. "ಹೋಗಿ ಬರೂದ ಅಷ್ಟ ಐತಲ್ರಿ" ಎಂದರು.

ಮರಳುವಾಗ ಅವರ ಮಾತು ನಿಂತಿತು. ದಣಿವು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವರು ನನ್ನ ಕಡೆ ತಿರುಗಿ, "ಆ ಹಸರ ದಡಿ ಸೀರಿ ಮ್ಯಾಲಿನ ಖಾನಿಯೊಳಗ ಐತಿ, ಕೊಡು" ಎಂದರು. ಎಂದೂ ನನ್ನನ್ನು ಏಕವಚನದಲ್ಲಿ ಕರೆದವರಲ್ಲ. ಕಣ್ಣು ನನ್ನ ಮೇಲಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಕಾಲು ರಸ್ತೆಯ ನಡುವಿಗೂ ಅಂಚಿಗೂ ಓಲಾಡಿ, ಮೊಣಕಾಲು ಮಡಿಚಿ, ಜಾಲಿಗಿಡದ ಬುಡದಲ್ಲಿ ಕುಸಿದರು. ಕೈ ಮುಟ್ಟಿದೆ. ಒಲೆಯಿಂದ ಇಳಿಸಿದ ಹಂಚನ್ನು ಮುಟ್ಟಿದಂತಾಯಿತು.

ಮೋಟರ್‌ಸೈಕಲ್ಲಿನವರು ನಿಂತರು. ಒಬ್ಬರು ಮೂರ್ಛೆರೋಗ ಎಂದು ಕೀಲಿಕೈ ಅವರ ಮುಷ್ಟಿಯಲ್ಲಿ ಇಟ್ಟರು, ಇನ್ನೊಬ್ಬರು ಉಳ್ಳಾಗಡ್ಡಿ ಮೂಸಿಸಬೇಕು ಎಂದರು. ಎಲ್ಲರೂ ಒಳ್ಳೆಯದನ್ನೇ ಬಯಸಿ ಸುತ್ತ ಕಟ್ಟಿಕೊಂಡು ನಿಂತರು, ಇದ್ದಷ್ಟು ಗಾಳಿಯೂ ನಿಂತಿತು. ನಾನು ಜಾಕೀಟಿನ ಜಿಪ್ಪು ಎಳೆದೆ, ಅದು ಸಿಕ್ಕಿಕೊಂಡಿತು. ಯಾರೋ ಕತ್ತಿ ಕೊಟ್ಟರು, ಕೊಯ್ದೆವು. ಅಷ್ಟರಲ್ಲಿ ನೀರಿನ ಕ್ಯಾನು ಹೇರಿಕೊಂಡು ಒಂದು ಟಂಟಂ ಗಾಡಿ ಬಂತು. ಕೈ ಅಡ್ಡ ಹಾಕಿ ನಿಲ್ಲಿಸಿ, ಒಂದಾದ ಮೇಲೊಂದು ಕ್ಯಾನು ಅವರ ತಲೆ, ಎದೆ, ಕಂಕುಳಿಗೆ ಸುರಿದೆವು. ಜನ ಟವೆಲ್ಲು ಬೀಸಿದರು. ಬಾಯಿಗೆ ನೀರು ಹಾಕಲು ಹೊರಟವರನ್ನು ತಡೆದೆ. ಎಚ್ಚರವಿಲ್ಲದವನಿಗೆ ನೀರು ಕುಡಿಸಿದರೆ ಅದು ಉಸಿರಿನ ದಾರಿ ಹಿಡಿಯುತ್ತದೆ. ಅದೇ ಟಂಟಂನಲ್ಲಿ, ನೀರು ಹೊಯ್ಯುತ್ತಲೇ, ಊರಿನ ದವಾಖಾನೆಗೆ ತಂದೆವು. ಅಲ್ಲಿಂದ ಗದುಗಿಗೆ.

ಬದುಕಿದರು. ಆದರೆ ಎಷ್ಟೋ ದಿನ ಕಣ್ಣು ಬಿಡಲಿಲ್ಲ, ಮೂತ್ರಪಿಂಡ ಕೆಲಸ ನಿಲ್ಲಿಸಿ ರಕ್ತವನ್ನು ಯಂತ್ರದಿಂದ ಶುದ್ಧಮಾಡಬೇಕಾಯಿತು. ಅವರ ಹೆಂಡತಿ ಹಸೀನಾ ಭಾಬಿ ಐಸಿಯುವಿನ ಹೊರಗೆ ಗೋಡೆಗೆ ಒರಗಿ ಕೂತಿರುತ್ತಿದ್ದರು. ನಾನು ಹೋದಾಗಲೆಲ್ಲ ಅವರು ಕೇಳುತ್ತಿದ್ದುದು ಒಂದೇ: "ಓಡಾಕ ಹೋದಾವ್ರಿಗೆ ಹಿಂಗೂ ಆಗತೈತೇನ್ರಿ ಅಣ್ಣಾರ?"

ಮೂತ್ರಪಿಂಡ ಚೇತರಿಸಿತು. ಚೇತರಿಸದ್ದು ಬೇರೆ. ಮಿದುಳಿನ ಹಿಂಭಾಗದಲ್ಲಿ, ಮೈಯ ತೂಕವನ್ನು ಸಮತೋಲದಲ್ಲಿ ಹಿಡಿಯುವ ಒಂದು ಭಾಗ ಇರುತ್ತದಂತೆ, ಕಾವಿಗೆ ಅದು ಬೇಗ ಸುಡುತ್ತದಂತೆ. ಡಾಕ್ಟರು ಹಾಗೆ ಹೇಳಿದರು. ನೆನಪು ಇದೆ, ಬುದ್ಧಿ ಇದೆ, ಗಿರಾಕಿಗಳ ಹೆಸರು ಹಿಂದಿನಂತೆಯೇ ನಾಲಿಗೆಯ ತುದಿಯಲ್ಲಿದೆ. ಆದರೆ ಆ ನಾಲಿಗೆಯೇ ತೊಡರುತ್ತದೆ. ಮಾತು ಎಳೆದೆಳೆದು, ಅಕ್ಷರಕ್ಕೆ ಅಕ್ಷರ ಅಂಟಿಕೊಂಡು ಹೊರಬರುತ್ತದೆ. ಕಾಲು ಅಗಲಿಸಿ, ಒಂದು ಹೆಜ್ಜೆ ಇತ್ತ, ಒಂದು ಹೆಜ್ಜೆ ಅತ್ತ ಇಟ್ಟು ನಡೆಯುತ್ತಾರೆ. ಸೀರೆಯೊಂದನ್ನು ಎತ್ತಲು ಚಾಚಿದ ಕೈ ಅದನ್ನು ದಾಟಿ ಮುಂದೆ ಹೋಗುತ್ತದೆ. ಮೊದಲ ಸಲ ಗಾದಿಯ ಮೇಲೆ ಕೂತು ಸೆರಗು ಝಾಡಿಸಲು ಹೋದಾಗ ಅದು ಗಿರಾಕಿಯ ಮುಖಕ್ಕೆ ಬಡಿಯಿತು. ಅಂದಿನಿಂದ ಭಾಬಿಯೇ ಸೀರೆ ತೋರಿಸುತ್ತಾರೆ. ದಾವಲಸಾಬರು ಹಿಂದಿನ ಕುರ್ಚಿಯಲ್ಲಿ ಕೂತು ನೋಡುತ್ತಾರೆ.

ಇಷ್ಟನ್ನೂ ಅವರು ಸಹಿಸಿಕೊಂಡರು ಎಂದೇ ನನಗೆ ಅನ್ನಿಸಿತ್ತು. ಸಹಿಸಲಾಗದ್ದು ಬೇರೆಯೇ ಇತ್ತು ಎಂದು ತಿಳಿದದ್ದು ಅವರೊಡನೆ ಗದುಗಿಗೆ ಹೊರಟ ದಿನ. ಡಾಕ್ಟರಿಗೆ ತೋರಿಸಿಕೊಂಡು ಬರಲು ಅವರು, ಭಾಬಿ, ನಾನು ಮೂವರೂ ಬಸ್ಸು ಹತ್ತುತ್ತಿದ್ದೆವು. ಮೆಟ್ಟಿಲ ಮೇಲೆ ಅವರು ಓಲಾಡಿ ಕಂಬಿ ಹಿಡಿದು ಏನೋ ಹೇಳಲು ಹೋದರು. ಕಂಡಕ್ಟರ್ ಕೈ ಅಡ್ಡ ಮಾಡಿ, "ಮುಂಜಮುಂಜಾನೆ ಹಾಕ್ಕೊಂಡ ಬಂದೀಯಲ್ಲೋ. ಇಳಿ ಕೆಳಗ. ಹೆಣ್ಮಕ್ಕಳು ಕೂಡೂ ಜಾಗಾ ಇದು" ಎಂದ. ಬಸ್ಸಿನಲ್ಲಿ ನಾಲ್ಕಾರು ಜನ ನಕ್ಕರು. ಭಾಬಿ ಸಾವಕಾಶ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಅವ್ರಿಗೆ ಆರಾಮ ಇಲ್ರಿ. ಜನ್ಮದಾಗ ಅದನ್ನ ಮುಟ್ಟಿದವ್ರಲ್ಲ." ಕಂಡಕ್ಟರ್ ಮುಖ ಸಣ್ಣದು ಮಾಡಿಕೊಂಡು ಸೀಟು ಬಿಡಿಸಿಕೊಟ್ಟ. ದಾವಲಸಾಬರು ಗದುಗು ಬರುವವರೆಗೂ ಕಿಟಕಿಯ ಆಚೆಗೇ ಮುಖ ಮಾಡಿದ್ದರು.

ಅದು ಮೊದಲನೆಯದಲ್ಲ ಎಂದು ಭಾಬಿ ಆಮೇಲೆ ಹೇಳಿದರು. ರೋಣದ ಸಂತೆಯಲ್ಲಿ ಯಾರೋ ಬಾಯಿ ಮೂಸಿ ನೋಡಿದ್ದರಂತೆ. ಒಂದು ಲಗ್ನದಲ್ಲಿ ಸಂಬಂಧಿಕರೇ ಅವರನ್ನು ಪಂಕ್ತಿಯಿಂದ ಎಬ್ಬಿಸಿ ಮೂಲೆಯಲ್ಲಿ ಕೂರಿಸಿದರಂತೆ. ಮಸೀದಿಯಲ್ಲಿ ಮಾತ್ರ, ಗುರುತಿನವರು ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತು ಭುಜ ಕೊಡುತ್ತಾರೆ. ಉಳಿದಂತೆ ಮನೆ ಬಿಟ್ಟು ಹೊರಡುವುದೇ ಕಡಿಮೆ. ಐವತ್ತು ವರ್ಷ ಒಂದು ಹನಿ ಮುಟ್ಟದೆ ಬದುಕಿದವನನ್ನು ನಡೆದ ನಾಲ್ಕೇ ಹೆಜ್ಜೆಯಲ್ಲಿ ಊರು ಕುಡುಕನನ್ನಾಗಿ ಮಾಡಬಲ್ಲದು. ಅಲ್ಲ ಎಂದು ಹೇಳಲು ಬಾಯಿ ತೆರೆದರೆ ಆ ತೊದಲೇ ಅದಕ್ಕೆ ಸಾಕ್ಷಿಯಾಗುತ್ತದೆ. ಕಾಯಿಲೆಗಳಲ್ಲಿ ಕೆಲವು ಜನರ ಮರುಕವನ್ನಾದರೂ ಕೊಡುತ್ತವೆ. ಇದು ಅದನ್ನೂ ಕಸಿದುಕೊಂಡಿತ್ತು.

ಒತ್ತಾಯ ಮಾಡಿ ಅವರನ್ನು ಮುಂಜಾನೆ ಶಾಲೆಯ ಮೈದಾನಕ್ಕೆ ಕರೆದೊಯ್ಯತೊಡಗಿದೆ. ನನ್ನ ತೋಳು ಹಿಡಿದು ಗೋಡೆಯ ಪಕ್ಕ ಸುತ್ತುತ್ತಾರೆ. ನಾನು ಓಡುವುದನ್ನು ಬಿಟ್ಟಿಲ್ಲ. ಆದರೆ ಅವರು ಇದ್ದ ದಿನ ಓಡುವುದಿಲ್ಲ. ಕಳೆದ ಬೇಸಿಗೆಯ ಒಂದು ಬೆಳಗ್ಗೆ ಅಲ್ಲಿ ಹೊಸಬನೊಬ್ಬ ಓಡುತ್ತಿದ್ದ, ಮೂವತ್ತರ ಆಸುಪಾಸಿನ ದಪ್ಪನೆಯ ಮನುಷ್ಯ. ಮೈಮೇಲೆ ಅಂಥದೇ ಕಪ್ಪು ಜಾಕೀಟು. ದಾವಲಸಾಬರ ಬೆರಳು ನನ್ನ ತೋಳಿನಲ್ಲಿ ನಾಟಿತು. ಕೈ ಬಿಡಿಸಿಕೊಂಡು, ಓಲಾಡುತ್ತ ಅವನ ದಾರಿಗೆ ಅಡ್ಡ ಹೋದರು. "ತೆ... ತೆಗಿ... ಅದನ್ನ ತೆಗೀ..." ಎಂದು ಅವನ ಎದೆಯ ಜಿಪ್ಪಿಗೆ ಕೈ ಚಾಚಿದರು, ಕೈ ದಾಟಿ ಅವನ ಕೊರಳಿಗೆ ಹೋಯಿತು.

ಅವನು ಹಿಂದೆ ಸರಿದು ನನ್ನ ಕಡೆ ನೋಡಿದ. "ಇಷ್ಟ ಲಗೂ ಯಾವ ಅಂಗಡಿ ತೆಗದಿತ್ರಿ ಇವ್ರಿಗೆ?" ಎಂದ.

ನಾನು ಎಲ್ಲವನ್ನೂ ಹೇಳಿದೆ. ಅವನು ಗಂಭೀರನಾಗಿ ಕೇಳಿಸಿಕೊಂಡ, ಕ್ಷಮೆ ಕೇಳಿದ, ಅಲ್ಲೇ ಜಾಕೀಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋದ. ಕೆಲವು ದಿನಗಳ ಮೇಲೆ ಬೇರೆ ರಸ್ತೆಯಲ್ಲಿ ಅವನು ಅದನ್ನೇ ಹಾಕಿಕೊಂಡು ಓಡುತ್ತಿದ್ದುದನ್ನು ನಾನು ಕಂಡೆ. ನನ್ನನ್ನು ನೋಡಿ ಓಟದ ವೇಗ ಹೆಚ್ಚಿಸಿದ. ಇದನ್ನು ದಾವಲಸಾಬರಿಗೆ ಹೇಳಬಾರದಿತ್ತೇನೋ. ಆದರೆ ಅವರು ಅವನ ಬಗ್ಗೆ ಕೇಳಿದರು, ಹೇಳಿದೆ.

ಅವರು ಮೈದಾನದ ಕಟ್ಟೆಯ ಮೇಲೆ ಕೂತರು. ಆಮೇಲೆ ಒಂದೊಂದೇ ಮಾತನ್ನು ಎತ್ತಿಟ್ಟಂತೆ, "ಸರ, ನೀವು ಬರೀರಿ. ನನ್ನ ಮಾತು ಯಾರಿಗೂ ತಿಳಿಯೂದಿಲ್ಲ" ಎಂದರು.

ಹೆಸರು ಬದಲಿಸಿ ಬರೆಯುತ್ತೇನೆ ಎಂದೆ. ಬಿಸಿಲೇರಿದ ಮೇಲೆ ಓಡಬಾರದು, ನಿದ್ದೆಗೆಟ್ಟ ದಿನ ಓಡಬಾರದು, ಜೊತೆಯವನ ಮಾತು ನಿಂತರೆ ಅಥವಾ ತಪ್ಪಿದರೆ ಅಲ್ಲೇ ನಿಲ್ಲಿಸಿ ಬಟ್ಟೆ ಬಿಚ್ಚಿ ನೀರು ಸುರಿಯಬೇಕು, ಆ ಜಾಕೀಟನ್ನು ಯಾರೂ ಕೊಳ್ಳಬಾರದು, ಇಷ್ಟೂ ಬರೆಯುತ್ತೇನೆ ಎಂದೆ. ಅವರು ಒಂದೊಂದಕ್ಕೂ ತಲೆಯಾಡಿಸಿದರು. ಮತ್ತೇನಾದರೂ ಬರೆಯಬೇಕೇ ಎಂದು ಕೇಳಿದೆ.

ಉತ್ತರಕ್ಕೆ ಅವರ ತುಟಿಗಳು ಬಹಳ ಹೊತ್ತು ತಡಕಾಡಿದವು.

"ನಾ ಕುಡಿಯೂದಿಲ್ಲ ಅಂತ ಬರೀರಿ" ಎಂದರು.